ಮೂರನೇ ಮಹಡಿಯ ಪುಕ್ಕಟೆ ಪಾಠ

ಕಾಲೇಜಿನಲ್ಲಿ ಪುಸ್ತಕ ಸಿಗದಿದ್ದದ್ದೇ ಬುರುಲ್‌ಳ ಫಜೀತಿಗೆಲ್ಲ ಮೂಲ. ಕಿರ್ಗಿಜ್ ನಾಡಿನ ನರೀನ್ ಊರಿನಲ್ಲಿ ಸಮಾಜಕಾರ್ಯ ಓದುತ್ತಿದ್ದ ಹುಡುಗಿ ಆಕೆ.

"ನೆಟ್‌ನಲ್ಲಿ ಪುಕ್ಕಟೆ ಪಾಠ ಬೇಕಾದಷ್ಟಿದೆ, ಹುಡುಕ್ಕೊಳ್ಳಿ," ಎಂದರು ಮೇಡಂ. "ಯಾವ್ದಾದ್ರೂ ಒಂದಕ್ಕೆ ಸೇರಿದ್ದನ್ನ ನಾಳೆ ತೋರಿಸ್ಬೇಕು. ಸೇರದೋರನ್ನ ವೃದ್ಧಾಶ್ರಮದ ತರಬೇತಿಗೆ ಕಳ್ಸಲ್ಲ."

ಆ ಕಾಲದಲ್ಲಿ ನರೀನ್‌ಗೆ ನೆಟ್ ಬರುತ್ತಿದ್ದದ್ದು ಮುನಿಸಿಕೊಂಡ ಅಳಿಯ ಮಾವನ ಮನೆಗೆ ಬಂದ ಹಾಗೆ; ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಲ್ಲುತ್ತಿತ್ತು. ಬುರುಲ್‌ಳ ಹಳೆಯ ಕಟ್ಟಡದಲ್ಲಿ ಅದು ನಿಲ್ಲುತ್ತಿದ್ದದ್ದು ಮೂರನೇ ಮಹಡಿಯ ಮೆಟ್ಟಿಲ ಕಿಟಕಿಯಲ್ಲಿ. ಎದುರಿಗೇ ಶರಾಪತ್ ಎಜೆಯ ಬಾಗಿಲು. ಎಜೆ ಎಂದರೆ ಅಕ್ಕ; ಆಕೆ ಇಡೀ ಕಟ್ಟಡಕ್ಕೇ ಹಿರಿಯಕ್ಕ. ಫೋನು ಹಿಡಿದು ಕಿಟಕಿಯ ಬಳಿ ಕೂತ ಬುರುಲ್ ಅವಳಿಗೆ ವಿಷಯ ಹೇಳಿದಳು.

"ಪುಕ್ಕಟೆ ಪಾಠನಾ? ಪುಕ್ಕಟೆ ಗಿಣ್ಣು ಇರೋದು ಇಲಿಬೋನಲ್ಲಿ ಮಾತ್ರ ಕಣೇ!" ಎನ್ನುತ್ತಲೇ ಎಜೆ ಹಾಲು ಹಾಕಿದ ಚಹಾ, ಒಂದು ತಟ್ಟೆ ಕರಿದ ಹಿಟ್ಟಿನ ಬೋರ್ಸೋಕ್ ತಂದಿಟ್ಟಳು. ಆಮೇಲೆ ಮೆಲ್ಲಗೆ ಮಗ ಮಾಸ್ಕೋದಿಂದ ಕಳಿಸಿದ ಫೋನು ಹೊರತೆಗೆದಳು. "ಇದ್ರಲ್ಲಿ ನನ್ನ ಸ್ಕೂಲಿನ ಗೆಳತಿ ಕಾಲಿಪಾ ಸಿಗ್ತಾಳಾ ನೋಡು."

ಹೆಸರು ಟೈಪು ಮಾಡುವುದು, ಗುಂಡಿ ಒತ್ತುವುದು, ಬುರುಲ್ ಎಲ್ಲ ಕಲಿಸಿದಳು. ಕಾಲಿಪಾ ಸಿಕ್ಕೇಬಿಟ್ಟಳು.

"ಅಯ್ಯೋ, ಎರಡು ಜಡೆಗೂ ಬಿಳಿ ರಿಬ್ಬನ್ ಕಟ್ಕೊಂಡು ಬರ್ತಿದ್ಲು! ಈಗ ನನಗಿಂತ ಮುದುಕಿ ಆಗಿದಾಳಲ್ಲ!" ಎಜೆ ನಕ್ಕು ನಕ್ಕು ಅತ್ತಳು.

ಆ ನಗುವಿಗೆ ಮೇಲಿನ ಮನೆಯ ಮಾಮಾಸಾಲಿ ಇಳಿದುಬಂದ, ನಿವೃತ್ತ ಬಸ್ ಡ್ರೈವರು. ಅವನಿಗೆ ಸೈನ್ಯದ ಗೆಳೆಯ ಬೇಕಿತ್ತು. ಅವನ ಹಿಂದೆ ಮತ್ತೊಬ್ಬರು, ಮಗದೊಬ್ಬರು. ಮೆಟ್ಟಿಲ ಮೇಲೆ ಕಂಬಳಿ ಹಾಸಿದ್ದಾಯಿತು, ಚಹಾ ಕಾಯಿಸುವ ಸಮೋವಾರ್ ಬಂತು. ಬುರುಲ್ ಎಲ್ಲರಿಗೂ ಕಲಿಸಿ ಕಲಿಸಿ, ಎಲ್ಲರ ಬಾಲ್ಯ ಕೇಳಿ ಕೇಳಿ, ಗಂಟಲು ಒಣಗಿ ಕುರಿಚರ್ಮದಂತಾಯಿತು.

ಹೊತ್ತು ಇಳಿಯುವಾಗ ಕೊನೆಗೂ ಅವಳ ಪಾಠ ಕಣ್ಣಿಗೆ ಬಿತ್ತು. ಕಿರ್ಗಿಜ್ ಭಾಷೆಯಲ್ಲೇ ಇತ್ತು, ಪೂರ್ತಿ ಪುಕ್ಕಟೆ: 'ವೃದ್ಧರ ಮಾತನ್ನು ಆಲಿಸುವ ಬಗೆ'. ಇವತ್ತು ಸಂಜೆಯೇ ಶುರು, ಉಳಿದಿರುವ ಜಾಗ ಕೆಲವೇ.

"ಸಿಕ್ತು ಎಜೆ! ಹೆಸರು, ಗುರುತಿನ ಚೀಟಿ ನಂಬರು ಬರ್ದ್ರೆ ಆಯ್ತು, ಚೀಟಿ ತಂದ್ಬಿಡ್ತೀನಿ!" ಎಂದು ಫೋನು ಅಲ್ಲೇ ಇಟ್ಟು ಕೆಳಗೋಡಿದಳು. ಅಲ್ಲಿ ತಾಯಿ ಹಿಡಿದುಕೊಂಡು ಒದ್ದೆ ಜಮಖಾನೆಯ ಒಂದು ತುದಿ ಕೈಗಿತ್ತಳು. ಹಿಂಡಿ, ಹರವಿ, ಏದುಸಿರು ಬಿಡುತ್ತ ಮೇಲೆ ಬಂದು ಗುಂಡಿ ಒತ್ತಿದರೆ: 'ಕ್ಷಮಿಸಿ, ಜಾಗ ಭರ್ತಿಯಾಗಿದೆ.'

"ಯಾರು ತುಂಬಿದ್ರು?" ಬುರುಲ್‌ಳ ದನಿ ಅಳುವಂತಾಯಿತು.

"ಇನ್ಯಾರು, ನಾವೇ!" ಎಜೆ ಹಿಗ್ಗಿದಳು. "ಪಾಪ, ಒಬ್ಳೇ ಓದೋಕೆ ಹುಡುಗಿಗೆ ಬೇಜಾರಾಗುತ್ತೆ ಅಂತ ಎಲ್ರೂ ಸೇರ್ಕೊಂಡ್ವಿ. ನೀನು ಕಲಿಸ್ದಂಗೇ ಒತ್ತಿದ್ವಮ್ಮ, ಒಂದೂ ತಪ್ಪಾಗ್ಲಿಲ್ಲ!"

ಬೈಯಲು ಬಾಯಿ ತೆರೆದವಳಿಗೆ ಎದುರಿನ ಸಾಲು ಕಂಡಿತು. ಮಾಮಾಸಾಲಿ ಟೋಪಿ ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದ. ಎಜೆ ತಲೆಗೆ ಹೊಸ ವಸ್ತ್ರ ಕಟ್ಟಿದ್ದಳು. ಶಾಲೆಯ ಮೊದಲ ದಿನ ಹೂ ಹಿಡಿದು ನಿಲ್ಲುವ ಮಕ್ಕಳ ಮುಖ ಎಲ್ಲರದೂ. ಬುರುಲ್ ಚಹಾ ಬಗ್ಗಿಸಿದಳು.

ಈಗ ನರೀನ್‌ನ ಮನೆಮನೆಗೂ ನೆಟ್ ಬಂದಿದೆ, ಆ ಮೆಟ್ಟಿಲ ಮೇಲೆ ಯಾರೂ ಕೂರುವುದಿಲ್ಲ. ಅಂದು ಮಾತ್ರ ಅಲ್ಲಿ ಕಾಲಿಡಲು ಜಾಗವಿರಲಿಲ್ಲ.

ಪಾಠ ಶುರುವಾಯಿತು. ಪರದೆಯ ಮೇಲಿನ ಉಪನ್ಯಾಸಕಿ ಕೇಳಿದಳು, "ಹಿಂದೆ ಚಹಾ ಕೊಡ್ತಿರೋ ಹುಡುಗಿ ಯಾಕೆ ಸೇರ್ಲಿಲ್ಲ?"

"ಅಯ್ಯೋ, ಅವಳಿಗೆಲ್ಲಿ ಪುರುಸೊತ್ತು ಮೇಡಂ," ಎಂದಳು ಎಜೆ, "ಕಾಲೇಜಿಗೆ ಹೋಗೋ ಹುಡುಗಿ!"