ಮಾವನ ಬೋಟಿನ ಹೊಗೆ

ನಿಜವನ್ನು ಚುಟುಕಾಗಿ ಹೇಳಬಾರದು ಎಂಬುದು ನಾನು ತಡವಾಗಿ ಕಲಿತ ಪಾಠ. ಉದ್ದವಾಗಿ ಹೇಳಿದ ನಿಜವನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಅಪಾಯವಿಲ್ಲ. ನಾನು ಕುಂದಾಪುರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಐದು ವರ್ಷದಿಂದ ಒಂದು ಸಂಶೋಧನೆಯನ್ನೂ ಮಾಡುತ್ತಿದ್ದೇನೆ. ಉಪ್ಪುನೀರಿನಲ್ಲಿ ತಾಮ್ರದ ತಗಡು ಇಳಿಸಿ, ಕಾರ್ಬನ್ ಡೈಆಕ್ಸೈಡ್ ಬಿಟ್ಟು, ಕರೆಂಟು ಹಾಯಿಸಿದರೆ ಆ ಅನಿಲ ಇಂಧನವಾಗುವ ಸಾಧ್ಯತೆಯಿದೆ. ಐದು ವರ್ಷದಲ್ಲಿ ನಾನು ಸಾಧಿಸಿರುವುದು ಈ 'ಸಾಧ್ಯತೆಯಿದೆ' ಎಂಬಲ್ಲಿಯವರೆಗೆ. ಯಾರಾದರೂ ಕೇಳಿದರೆ ಇಷ್ಟನ್ನೂ ವಿವರಿಸುತ್ತೇನೆ. ಮುಗಿಯುವಷ್ಟರಲ್ಲಿ ಅವರು ಬಂಗುಡೆ ಮೀನಿನ ವಿಷಯ ಎತ್ತಿರುತ್ತಾರೆ.

ಹಂಗಾರಕಟ್ಟೆಯಲ್ಲಿರುವ ಹೆಂಡತಿಯ ತವರುಮನೆಯಲ್ಲಿ ನಾದಿನಿಯ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಮಾತ್ರ ನಾಲಿಗೆ ಜಾರಿತು. ಪಕ್ಕದ ಎಲೆಯವರು ನನ್ನ ಸಂಶೋಧನೆ ಏನೆಂದು ಕೇಳಿದರು. ಅಷ್ಟರಲ್ಲಿ ಸಾರು ಬರುತ್ತಿತ್ತು, ಪುರುಸೊತ್ತಿರಲಿಲ್ಲ. ಹೊಗೆಯಿಂದ ಡೀಸೆಲ್ ಮಾಡುತ್ತೇನೆ ಅಂದುಬಿಟ್ಟೆ. ಎದುರು ಸಾಲಿನಲ್ಲಿ ಕೂತಿದ್ದವರು ಮಾವ ಶೀನಣ್ಣ. ಮೂವತ್ತು ವರ್ಷದಿಂದ ಬೋಟು ನಡೆಸುವವರು. ಡೀಸೆಲ್ ಎಂಬ ಮಾತು ಕಿವಿಗೆ ಬಿದ್ದದ್ದೇ, ಬಾಯಿಗೆ ಹೋಗುತ್ತಿದ್ದ ತುತ್ತು ಎಲೆಗೆ ಇಳಿಯಿತು. ಮದುವೆಯಾದ ಮೇಲೆ ನನ್ನ ಮಾತನ್ನು ಅವರು ಮನಸ್ಸಿಟ್ಟು ಕೇಳಿದ್ದು ಅದೇ ಮೊದಲು. ಆ ಸುಖ ಕಳೆದುಕೊಳ್ಳಲು ಇಷ್ಟವಿಲ್ಲದೆ ನಾನು ತಿದ್ದುಪಡಿ ಹೇಳಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ನಾನು ಪ್ರಯೋಗಾಲಯದಲ್ಲಿದ್ದೆ. ಬುಧವಾರ ಹೊರಗಿನಿಂದ ಪರಿಣತರ ತಂಡವೊಂದು ನನ್ನ ಕೆಲಸ ನೋಡಲು ಬರುವುದಿತ್ತು. ಅವರಿಗೆ ತೋರಿಸಲೆಂದು ಮೂರು ತಿಂಗಳು ಕೂತು ಒಂದು ತಾಮ್ರದ ತಗಡು ಸಿದ್ಧಮಾಡಿದ್ದೆ. ಅದರ ಮೇಲೆ ಯಾರೂ ಉಸಿರು ಬಿಡದಂತೆ ಕಾಯುತ್ತಿದ್ದೆ. ಆಗ ಮಾವ ಬಂದರು. ಒಂದು ಕೈಯಲ್ಲಿ ಖಾಲಿ ಕ್ಯಾನು, ಹೆಗಲಲ್ಲಿ ಉಬ್ಬಿದ ಲಾರಿ ಟ್ಯೂಬು. ಬೋಟಿನ ಎಂಜಿನ್ನಿನ ಹೊಗೆಕೊಳವೆಗೆ ಟ್ಯೂಬು ಕಟ್ಟಿ, ಹೊಗೆ ತುಂಬಿಸಿ, ಬಸ್ಸಿನಲ್ಲಿ ತಂದಿದ್ದರು. ಒಳಗೇನಿದೆ ಎಂದು ಕಂಡಕ್ಟರ್ ಕೇಳಿದನಂತೆ. ಹೊಗೆ ಅಂದರಂತೆ. ಇಳಿಯುವವರೆಗೂ ಅವನು ಇವರ ಹತ್ತಿರ ಸುಳಿಯಲಿಲ್ಲವಂತೆ.

"ನಮ್ ಎಂಜಿನ್ ಹೊಗಿಯೇ ಹಾಕಿ ಮಾಷ್ಟ್ರೆ, ಬೇರೆಯೋರದ್ ಬೆರ್ಸುದ್ ಬ್ಯಾಡ" ಅಂದರು. ಗಾಣಕ್ಕೆ ಕೊಬ್ಬರಿ ಒಯ್ದು ನಮ್ಮ ಎಣ್ಣೆಯನ್ನು ನಾವೇ ತರುವಂತೆ, ತಮ್ಮ ಹೊಗೆಯ ಡೀಸೆಲನ್ನು ತಾವೇ ಒಯ್ಯುವುದು ಅವರ ಲೆಕ್ಕಾಚಾರ. ಹೊಗೆಯ ಮಸಿ ತಗಡಿಗೆ ವಿಷ ಎಂದು ಹೇಳಬೇಕಿತ್ತು. ಆದರೆ ಅರುವತ್ತೆಂಟು ವರ್ಷದ ಮಾವ ಅಷ್ಟು ದೂರದಿಂದ ಹೊಗೆ ಹೊತ್ತು ತಂದಿದ್ದಾರೆ. ಮನೆಗೆ ಫೋನ್ ಮಾಡಿ ಹೆಂಡತಿಯನ್ನು ಕೇಳಿದೆ. ಅಪ್ಪ ಬೆಳಗ್ಗೆ ತಿಂಡಿಯನ್ನೂ ತಿನ್ನದೆ ಹೊರಟಿದ್ದಾರಂತೆ, ಅದೇನು ಮಾಡುತ್ತೀರೋ ಮಾಡಿ ಕಳಿಸಿ ಅಂದಳು. ಟ್ಯೂಬಿನ ಹೊಗೆಯನ್ನು ಉಪ್ಪುನೀರಿಗೆ ಜೋಡಿಸಿ ತಗಡು ಇಳಿಸಿದೆ.

ಸ್ವಿಚ್ ಹಾಕುವಾಗ ಕರೆಂಟು ಹೋಯಿತು. ಲೈನ್ ರಿಪೇರಿ, ಸಂಜೆಯವರೆಗೂ ಬರುವುದಿಲ್ಲ ಎಂದು ತಿಳಿಯಿತು. ದೇವರು ದೊಡ್ಡವನು ಎಂದು ನಾನು ಒಳಗೊಳಗೇ ಹಿಗ್ಗಿದೆ. ಮಾವ ಕಿಟಕಿಯಿಂದ ಜನರೇಟರ್ ಕಂಡರು. ಅದರಲ್ಲಿ ಡೀಸೆಲ್ ಇಲ್ಲವೆಂದೆ. ಅವರು ಕ್ಯಾನು ಎತ್ತಿಕೊಂಡು ಬಂಕಿಗೆ ಹೋಗಿ, ತುಂಬಿಸಿ ತಂದು, ತಾವೇ ಹುಯ್ದು, ತಾವೇ ಹ್ಯಾಂಡಲ್ ತಿರುಗಿಸಿದರು. ಮೂವತ್ತು ವರ್ಷ ಸಮುದ್ರದಲ್ಲಿ ಎಂಜಿನ್ ಎಬ್ಬಿಸಿದ ಕೈ. ನಮ್ಮ ಕಾಲೇಜಿನ ಜನರೇಟರ್ ಅಷ್ಟು ವಿಧೇಯವಾಗಿ ಎದ್ದದ್ದನ್ನು ನಾನು ಕಂಡಿರಲಿಲ್ಲ.

ಹತ್ತು ನಿಮಿಷದಲ್ಲಿ ನನ್ನ ಮೂರು ತಿಂಗಳ ತಗಡು ದೋಸೆ ಕಾವಲಿಯ ಹಿಂಭಾಗದಂತಾಯಿತು. ಮಧ್ಯಾಹ್ನ ಜನರೇಟರ್ ಡೀಸೆಲ್ ಮುಗಿದು ನಿಲ್ಲುವ ಮೊದಲು, ಅಳೆಯುವ ಯಂತ್ರದ ಪರದೆಯ ಮೇಲೆ ಒಂದು ಸಣ್ಣ ಗುಡ್ಡೆ ಮೂಡಿತು. ಏನೋ ಹುಟ್ಟಿದೆ ಎಂದರ್ಥ. ಮಾವ ಕ್ಯಾನು ಹಿಡಿದು ಎದ್ದು ನಿಂತರು. ಇದು ಡೀಸೆಲ್ ಅಲ್ಲ, ಫಾರ್ಮಿಕ್ ಆಮ್ಲ, ಇರುವೆ ಕಚ್ಚಿದಾಗ ಉರಿಯುತ್ತದಲ್ಲ, ಅದೇ, ಎಲ್ಲ ಸೇರಿ ಒಂದು ಹನಿಯೂ ಇಲ್ಲ ಎಂದು ಒಪ್ಪಿಕೊಂಡೆ. ಅವರು ಕೈಯ ಖಾಲಿ ಕ್ಯಾನು ನೋಡಿ, ಜನರೇಟರ್ ಕಡೆ ನೋಡಿದರು.

"ಹಂಗಾರೆ, ಒಂದ್ ಕ್ಯಾನ್ ಡೀಸೆಲ್ ಹೊತ್ಸಿ ಇರುವೆ ಕಚ್ಚುದ್ ಮಾಡ್ದ್ರಿ" ಅಂದರು. ದೊಡ್ಡ ದೊಡ್ಡ ವಿಜ್ಞಾನಿಗಳು ಹಲವು ಪುಟಗಳಲ್ಲಿ ಚರ್ಚಿಸುವ ಸಮಸ್ಯೆಯನ್ನು ಇಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾನು ಎಲ್ಲೂ ಓದಿರಲಿಲ್ಲ. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಬೋಟೂ ಒಮ್ಮೊಮ್ಮೆ ಡೀಸೆಲ್ ಸುಟ್ಟು ಬರೀ ಬಲೆ ತರುತ್ತದೆ, ಹಾಗೆಂದು ಮರುದಿನ ಹೋಗದೆ ಇರುತ್ತೇವಾ ಎಂದು ಬೆನ್ನು ತಟ್ಟಿ, ಖಾಲಿ ಕ್ಯಾನು, ಖಾಲಿ ಟ್ಯೂಬು ಹೊತ್ತು ಬಸ್ಸು ಹತ್ತಿದರು.

ಬುಧವಾರ ಪರಿಣತರಿಗೆ ತೋರಿಸಲು ನನ್ನಲ್ಲಿ ಕರಿ ತಗಡು ಬಿಟ್ಟರೆ ಬೇರೇನೂ ಇರಲಿಲ್ಲ. ಬೇರೆ ದಾರಿ ಕಾಣದೆ ನಡೆದದ್ದನ್ನೆಲ್ಲ ಹೇಳಿದೆ. ಅವರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು ತಗಡನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲರೂ ಸಿಲಿಂಡರಿನ ಶುದ್ಧ ಅನಿಲ ಹಾಕಿ ಸಂತೋಷಪಡುತ್ತಾರೆ, ನಿಜವಾದ ಹೊಗೆಗೆ ತಗಡು ಎಷ್ಟು ಹೊತ್ತು ತಡೆಯುತ್ತದೆ ಎಂದು ನೋಡಿದವರು ಕಡಿಮೆ, ಇದನ್ನೇ ಬರೆಯಿರಿ ಅಂದರು. ಬರೆದೆ. ಹೊಗೆ ಸಂಗ್ರಹಿಸಿದವರ ಹೆಸರೂ ಇರಲಿ ಎಂದು ಆ ಹಿರಿಯರು ಅಂದದ್ದರಿಂದ ನನ್ನ ಹೆಸರಿನ ನಂತರ ಮಾವನ ಹೆಸರನ್ನೂ ಹಾಕಿದೆ.

ವಿಜ್ಞಾನ ಪತ್ರಿಕೆಗೆ ಕಳಿಸುವ ಮೊದಲು ಹಂಗಾರಕಟ್ಟೆಗೆ ಹೋಗಿ ತೋರಿಸಿದೆ. ಮಾವ ಕಾಗದವನ್ನು ಬೆಳಕಿಗೆ ಹಿಡಿದು ತಮ್ಮ ಹೆಸರನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ತಣ್ಣಗೆ ಕೇಳಿದರು: "ಹೊಗಿ ನಂದ್, ಡೀಸೆಲ್ ನಂದ್. ನಿಮ್ ಹೆಸ್ರ್ ಮೊದ್ಲ್ ಎಂತಕೆ?"

ಬೈಕಿನಲ್ಲಿ ಕುಂದಾಪುರ ಮುಟ್ಟುವವರೆಗೆ ಯೋಚಿಸಿದೆ. ಹೆಸರುಗಳನ್ನು ಅದಲುಬದಲು ಮಾಡಿ ಕಳಿಸಿಬಿಟ್ಟೆ.