ನವನಗರದ ಹಡಗಿನ ಅಂಗಡಿ

ಸಮುದ್ರವೇ ಇಲ್ಲದ ಊರಿನಲ್ಲಿ ಕೂತು ಹಡಗಿನ ಟಿಕೆಟ್ ಮಾರುವವನಿಗೆ ಫಜೀತಿಗಳು ತಪ್ಪಿದ್ದಲ್ಲ. ಒಂದು ಮುಗಿಯಿತು ಅನ್ನುವುದರೊಳಗೆ ಇನ್ನೊಂದು ಫಜೀತಿ ಚಪ್ಪಲಿ ಬಿಟ್ಟು ಒಳಗೆ ಬಂದಿರುತ್ತದೆ. ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಟ್ರಾವೆಲ್ಸ್ ಅಂಗಡಿ. ಬಸ್ಸು, ರೈಲು, ಕಾಶಿಯಾತ್ರೆ, ಇಷ್ಟರಲ್ಲಿ ಸುಖವಾಗಿಯೇ ಇದ್ದೆ. ಕೆಲವು ವರ್ಷಗಳ ಹಿಂದೆ ಬೋರ್ಡಿನ ಮೂಲೆಯಲ್ಲಿ ಒಂದು ಹಡಗಿನ ಚಿತ್ರ ಬರೆಸಿದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ.

ನಾನು ಮಾರುವುದು ಎರಡು ಕಂಪನಿಯ ಹಡಗು. ಒಂದು ಮುಂಬಯಿಯಿಂದ ಹೊರಟು ಲಕ್ಷದ್ವೀಪದ ಕಡೆ ಹೋಗಿ ಬರುತ್ತದೆ, ಇನ್ನೊಂದು ಸಿಂಗಾಪುರದಿಂದ ಹೊರಡುತ್ತದೆ. ಮುಂಬಯಿಯದು ಅಗ್ಗ, ಪಾಸ್‌ಪೋರ್ಟ್ ಬೇಕಿಲ್ಲ, ಉಳ್ಳಾಗಡ್ಡಿ ಬೆಳ್ಳುಳ್ಳಿ ಹಾಕದ ಅಡುಗೆಯೂ ಸಿಗುತ್ತದೆ. ಸಿಂಗಾಪುರದ್ದು ನಮ್ಮ ನವನಗರದ ಅರ್ಧ ಸೆಕ್ಟರಿನಷ್ಟು ದೊಡ್ಡದು, ಒಳಗೇ ಈಜುಕೊಳ, ನಾಟಕದ ಥಿಯೇಟರು. ಆದರೆ ವಿಮಾನದ ಖರ್ಚು ಬೇರೆ, ದಿನದ ಭಕ್ಷೀಸು ಬೇರೆ. ಬಿಲ್ಲಿನಲ್ಲೇ ಹಚ್ಚಿ ವಸೂಲಿ ಮಾಡಿದರೆ ಅದು ಭಕ್ಷೀಸು ಹೇಗಾಗುತ್ತದೆ ಎಂದು ಗಿರಾಕಿಗಳು ನನ್ನನ್ನು ಕೇಳುತ್ತಾರೆ. ನಾನು ಯಾರನ್ನು ಕೇಳಲಿ?

ಏಜೆಂಟರನ್ನು ನೋಡಿಕೊಳ್ಳುವುದರಲ್ಲೂ ಎರಡಕ್ಕೂ ಫರಕಿದೆ. ಸಿಂಗಾಪುರದವರು ವರ್ಷಕ್ಕೊಂದು ಕೊಡೆ ಕಳಿಸುತ್ತಾರೆ. ಬಾಗಲಕೋಟೆಯ ಬಿಸಿಲಿನಲ್ಲಿ ಕೂತವನಿಗೆ ಮಳೆಯ ಕೊಡೆ. ಮುಂಬಯಿಯವರು ಹಾಗಲ್ಲ, ಒಂದೇ ಪ್ರವಾಸಕ್ಕೆ ಎಂಟು ಕೋಣೆ ತುಂಬಿಸಿದರೆ ಒಂಬತ್ತನೆಯ ಕೋಣೆ ಏಜೆಂಟನಿಗೆ ಪುಕ್ಕಟೆ, ಇಬ್ಬರು ಹೋಗಬಹುದು. ಆ ಒಂಬತ್ತನೆಯ ಕೋಣೆಯನ್ನು ತೋರಿಸಿ ನನ್ನ ಹೆಂಡತಿಗೆ ನಾನು ಮಾತು ಕೊಟ್ಟಿದ್ದೆ. ಅವಳು ಅದಕ್ಕೆಂದೇ ಗಾಲಿಯ ಬ್ಯಾಗೊಂದನ್ನು ಕೊಂಡು ಕಪಾಟಿನ ಮೇಲೆ ಇಟ್ಟಿದ್ದಳು. ಪ್ರತಿ ವರ್ಷ ಬುಕಿಂಗು ಆರಕ್ಕೋ ಏಳಕ್ಕೋ ಬಂದು ನಿಂತುಬಿಡುತ್ತಿತ್ತು. ಅವಳು ಬ್ಯಾಗಿನ ಮೇಲಿನ ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದಳು. ನಾಲ್ಕು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಬಾಯಿಪಾಠ

ಮೊದಲ ವರ್ಷ ಬಾದಾಮಿಯಿಂದ ಒಬ್ಬ ನಿವೃತ್ತ ಶಿಕ್ಷಕಿ ಬಂದರು. ಕನ್ನಡ ಸಾಲಿಯ ಅಕ್ಕೋರು. ಮದುವೆಯಾದವರಲ್ಲ, ತಂಗಿಯ ಜೊತೆ ಇರುವವರು, ಇಬ್ಬರೂ ಸೇರಿ ಎಲ್ಲಿಗಾದರೂ ಹೋಗಿ ಬರಬೇಕೆಂದಿದ್ದರು. ನಾನು ಉತ್ಸಾಹದಿಂದ ಶುರು ಮಾಡಿದೆ. ಕಿಟಕಿ ಇಲ್ಲದ ಕೋಣೆ ಅಗ್ಗ, ಬಾಲ್ಕನಿ ಇದ್ದದ್ದು ತುಟ್ಟಿ, ಇದರಲ್ಲಿ ಚಹಾ ಪುಕ್ಕಟೆ, ಅದರಲ್ಲಿ ಚಹಾ ಪುಕ್ಕಟೆಯಾದರೂ ತಂಪು ಪಾನೀಯಕ್ಕೆ ರೊಕ್ಕ, ಇದು ಕಡಿಮೆ ಅಲುಗಾಡುತ್ತದೆ, ಅದು ಇನ್ನೂ ಕಡಿಮೆ. ಬಾಯಿ ಒಣಗುವ ತನಕ ಹೇಳಿದೆ. ಅವರು ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರರ ಹಾಗೆ ಕಣ್ಣು ಮಿಟುಕಿಸದೆ ಕೇಳಿದರು.

ಕೊನೆಗೆ ನಾನು ಎರಡರಲ್ಲಿ ಯಾವ ಹಡಗು ಹತ್ತಿ ಬಂದಿದ್ದೇನೆ ಎಂದು ವಿಚಾರಿಸಿದರು. ನಾನು ಗೋವೆಯಲ್ಲಿ ದಂಡೆಯ ಮೇಲೆ ನಿಂತು ದೂರದಿಂದ ಒಂದನ್ನು ನೋಡಿದ್ದೇನೆ, ಹತ್ತಿಲ್ಲ ಎಂದೆ.

"ಹಂಗಾದ್ರ ಇಷ್ಟೊತ್ತನಕ ಯಾರ ಬಾಯಿಪಾಠಾ ಒಪ್ಪಿಸಿದ್ರಿ?" ಎಂದರು.

ಎರಡನ್ನೂ ನೋಡಿ ಬಂದವರು ಹೇಳಲಿ, ಆಮೇಲೆ ಬರುತ್ತೇನೆ ಎಂದು ಎದ್ದರು. ಕೋಣೆ ತುಂಬದೆ ನಾನು ಹಡಗು ಹತ್ತುವಂತಿಲ್ಲ, ನಾನು ಹಡಗು ಹತ್ತದೆ ಕೋಣೆ ತುಂಬುವುದಿಲ್ಲ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು.

ಕರೆಯದ ಊಟ

ಹೋದ ವರ್ಷ ಹುನಗುಂದದ ಕಬ್ಬಿಣದ ಅಂಗಡಿಯ ಅಣ್ಣತಮ್ಮಂದಿರಿಬ್ಬರು, ಹೆಂಡಿರೊಂದಿಗೆ, ಸಿಂಗಾಪುರದ ಹಡಗು ಹತ್ತಿದರು. ಊಟವೆಲ್ಲ ಟಿಕೆಟಿನಲ್ಲೇ ಬಂತು, ಎಷ್ಟು ಬೇಕಾದರೂ ಉಣ್ಣಬಹುದು ಎಂದು ನಾನು ಒತ್ತಿ ಒತ್ತಿ ಹೇಳಿ ಕಳಿಸಿದ್ದೆ. ಮರುದಿನ ಬೆಳಿಗ್ಗೆ ಸಮುದ್ರದ ನಡುವಿನಿಂದ ವೈಫೈ ಫೋನು ಬಂತು. ಅಣ್ಣನ ದನಿ ಸೋತಿತ್ತು. ರಾತ್ರಿ ನಾಲ್ವರೂ ಉಪವಾಸ ಮಲಗಿದ್ದರು.

ಆದದ್ದಿಷ್ಟು. ಅವರು ಊಟದ ಹಾಲಿಗೆ ಹೋಗಿ ಒಂದು ಮೇಜು ಹಿಡಿದು ಶಿಸ್ತಾಗಿ ಕೂತಿದ್ದಾರೆ. ಯಾರಾದರೂ ಬಂದು ಊಟಕ್ಕೆ ಏಳಿರಿ ಅಂತಾರೆ, ಬಡಿಸುತ್ತಾರೆ, ನನ್ನ ಆಣೆ ಇನ್ನೊಂದು ಹಾಕಿಸಿಕೊಳ್ಳಿ ಅಂತಾರೆ ಎಂದು ದಾರಿ ನೋಡಿದ್ದಾರೆ. ಒಬ್ಬ ಬಂದು ನೀರಿಟ್ಟು ಹೋದ. ಮತ್ತೆ ಯಾರೂ ಬರಲಿಲ್ಲ. ಸುತ್ತ ಜನ ತಾಟು ಹಿಡಿದು ತಾವೇ ಹಾಕಿಕೊಂಡು ಓಡಾಡುತ್ತಿದ್ದರು. ಪಾಪ, ಕರೆಯದೆ ಬಂದವರಿರಬೇಕು ಎಂದುಕೊಂಡು ಇವರು ನೀರು ಕುಡಿದು ಎದ್ದು ಬಂದಿದ್ದಾರೆ.

ಅಲ್ಲಿ ಯಾರೂ ಕರೆಯುವುದಿಲ್ಲ, ಎದ್ದು ಹೋಗಿ ಹಾಕಿಕೊಳ್ಳಬೇಕು ಎಂದು ನಾನು ತಿಳಿಸಿ ಹೇಳಿದೆ.

"ಕರೀಲಾರದ ಊಟಕ್ಕ ನಮ್ಮಪ್ಪ ಎದ್ದಾವಲ್ರಿ. ನಾವ ಹೆಂಗ ಏಳೂದು?" ಎಂದ ಅಣ್ಣ.

ಹೊಟ್ಟೆಗಿಲ್ಲದವರ ಜೊತೆ ಏನು ವಾದ ಮಾಡುವುದು. ಸರಿ, ನಾನೇ ಕರೆಯುತ್ತೇನೆ, ಏಳಿರಿ ಎಂದೆ. ಎದ್ದರು. ಆವತ್ತಿನಿಂದ ಪ್ರವಾಸ ಮುಗಿಯುವ ತನಕ, ಎರಡೂ ಹೊತ್ತು, ನವನಗರದ ಅಂಗಡಿಯಲ್ಲಿ ಕೂತು ನಾನು ಸಿಂಗಾಪುರದ ಸಮುದ್ರದಲ್ಲಿದ್ದವರನ್ನು ಊಟಕ್ಕೆ ಎಬ್ಬಿಸಿದೆ. ಒಮ್ಮೊಮ್ಮೆ ಇನ್ನೊಂದಿಷ್ಟು ಹಾಕಿಸಿಕೊಳ್ಳಿ ಎಂದು ಆಣೆಯನ್ನೂ ಹಾಕಬೇಕಾಯಿತು. ವಾಪಸು ಬಂದ ಮೇಲೆ ಊರಿಗೆಲ್ಲ ಹೇಳಿದ್ದು ಒಂದೇ ಮಾತು, ಊಟ ಹಡಗಿನವರದು ಛಲೋ, ಆದರೆ ಉಪಚಾರ ಬಾಗಲಕೋಟೆಯವರದು.

ರೊಟ್ಟಿಗೆ ಚೀಟಿ

ಆ ಸುದ್ದಿ ಹಬ್ಬಿ ಈ ವರ್ಷ ಎಲ್ಲರೂ ಮುಂಬಯಿ ಹಡಗನ್ನೇ ಕೇಳಿದರು. ಇಲಕಲ್ಲಿನ ಸೀರೆ ವ್ಯಾಪಾರಿ ಯಜಮಾನರೊಬ್ಬರು ಮಕ್ಕಳು, ಸೊಸೆಯಂದಿರು, ಬೀಗರು ಎಲ್ಲ ಸೇರಿ ಒಂದೇ ಏಟಿಗೆ ಆರು ಕೋಣೆ ಹಿಡಿದರು. ಮನೆಗೆ ಬಂದು ಹೇಳಿದಾಗ ಹೆಂಡತಿ ಬ್ಯಾಗನ್ನು ಕೆಳಗಿಳಿಸಿ ಮೊದಲ ಸಲ ಗಾಲಿ ತಿರುಗುತ್ತವೆಯೇ ಎಂದು ನೋಡಿದಳು.

ಎರಡು ದಿನಕ್ಕೆ ಯಜಮಾನರ ಫೋನು. ಒಣಗಿಸಿದ ಕಟಕ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ ಒಯ್ಯಬಹುದಲ್ಲ ಎಂದರು. ನಾನು ನಿಯಮ ಹೇಳಿದೆ, ಹೊರಗಿನ ಊಟ ಹಡಗಿಗೆ ಬಿಡುವುದಿಲ್ಲ, ಔಷಧಿಯಾದರೆ ಡಾಕ್ಟರ ಚೀಟಿ ತೋರಿಸಿ ಒಯ್ಯಬಹುದು. ಆ ಕಡೆ ಯಜಮಾನರು ಫೋನು ಬದಿಗಿಟ್ಟು ಮನೆಮಂದಿಯನ್ನು ವಿಚಾರಿಸತೊಡಗಿದರು. ಆರು ಕೋಣೆ ನನ್ನ ಕಣ್ಣೆದುರು ಖಾಲಿಯಾದವು. ಆಮೇಲೆ ಯಜಮಾನರು ಸಮಾಧಾನದಿಂದ, ಹಾಗಾದರೆ ಚಿಂತೆ ಇಲ್ಲ, ನಮ್ಮ ಮನೆಯ ಡಾಕ್ಟರು ನಾವು ಹೇಳಿದ ಮಾತು ಕೇಳುತ್ತಾರೆ ಎಂದು ಫೋನಿಟ್ಟರು.

ಮುಂದೆ ಹಡಗು ಹತ್ತುವ ದಿನ ಆದದ್ದನ್ನು ನಾನು ಆಮೇಲೆ ಕೇಳಿದ್ದು. ಮುಂಬಯಿಯ ಬಂದರಿನಲ್ಲಿ ತಪಾಸಣೆಯವನು ಚೀಲ ತೆಗೆಸಿದನಂತೆ. ಒಳಗೆ ಅಂಚಿನ ತನಕ ರೊಟ್ಟಿ. ಯಜಮಾನರು ಚೀಟಿ ಮುಂದೆ ಹಿಡಿದರು. ಕಟಕ ರೊಟ್ಟಿ, ದಿನಕ್ಕೆ ಎರಡು ಹೊತ್ತು, ಊಟದ ಜೊತೆ. ಶೇಂಗಾ ಹಿಂಡಿ, ಬೇಕೆನಿಸಿದಾಗ. ಕೆಳಗೆ ಹನ್ನೆರಡೂ ಮಂದಿಯ ಹೆಸರು, ಡಾಕ್ಟರ ಸಹಿ, ಶಿಕ್ಕಾ. ಅವನು ಎರಡು ಸಲ ಓದಿದ. ಮನೆಮಂದಿಗೆಲ್ಲ ಒಂದೇ ರೋಗವೇ ಎಂದು ಹಿಂದಿಯಲ್ಲಿ ಕೇಳಿದ. ಹೌದು, ವಂಶಪಾರಂಪರ್ಯವಾಗಿ ಬಂದದ್ದು ಎಂದರಂತೆ ಯಜಮಾನರು.

ಬಾಗಿಲು ಯಾವ ಕಡೆ

ಏಳನೆಯ ಕೋಣೆ ನವನಗರದ ಒಬ್ಬ ಗುತ್ತಿಗೆದಾರನದು. ವಾಸ್ತು ಕೆಟ್ಟಿದೆ ಎಂದು ತನ್ನ ಮನೆಯ ಮುಂಬಾಗಿಲನ್ನು ಈಗಾಗಲೇ ಎರಡು ಸಲ ಕಿತ್ತು ಬೇರೆ ಕಡೆ ಕೂಡಿಸಿದವನು. ಬಾಲ್ಕನಿ ಇದ್ದ ಕೋಣೆಯೇ ಬೇಕು, ರೊಕ್ಕದ ಪ್ರಶ್ನೆ ಇಲ್ಲ, ಆದರೆ ಬಾಗಿಲು ಪೂರ್ವಕ್ಕಿರಬೇಕು ಎಂದ. ಹಡಗು ತಿರುಗುತ್ತ ಹೋಗುತ್ತದೆ, ಹೋಗುವಾಗ ಪೂರ್ವವಿದ್ದದ್ದು ಬರುವಾಗ ಪಶ್ಚಿಮವಾಗುತ್ತದೆ ಎಂದೆ. ಅವನ ಮುಖ ಸಣ್ಣದಾಯಿತು. ಅಂಗಡಿಯಿಂದಲೇ ವಾಸ್ತುವಿನವರಿಗೆ ಫೋನು ಹಚ್ಚಿ, ಹೊರಗೆ ಬೇವಿನ ಮರದ ಕೆಳಗೆ ಅಡ್ಡಾಡುತ್ತ ಮಾತಾಡಿದ. ನಾನು ಒಳಗೆ ಕೂತು ಬಸವಣ್ಣನನ್ನು ನೆನೆದೆ. ಅವರಂತೂ ಇಂಥದ್ದನ್ನೆಲ್ಲ ನಂಬಬೇಡಿ ಎಂದು ಯಾವಾಗಲೋ ಹೇಳಿ ಹೋಗಿದ್ದಾರೆ, ಕೇಳಬೇಕಲ್ಲ.

ಅವನು ನಗುತ್ತ ಒಳಗೆ ಬಂದ. "ದೋಷ ಇದ್ರ ಮಾಲೀಕಗ ಅಂತ್ರಿ. ಬಾಡಿಗಿ ಇದ್ದವರಿಗೆ ಹತ್ತೂದಿಲ್ಲಂತ."

ಅಲ್ಲೇ ಬುಕ್ ಮಾಡಿದ. ಮೆಟ್ಟಿಲಿಳಿದು ಹೋದವನು ತಿರುಗಿ ಬಂದು, ಆ ಹಡಗಿನ ಮಾಲೀಕರ ಕಿವಿಗೆ ಒಂದು ಮಾತು ಹಾಕಿರಿ, ಪಾಪ, ಸಂಸಾರಸ್ಥರಿರಬಹುದು ಎಂದ.

ಸುತ್ತಲೂ ನೀರು

ಎಂಟನೆಯ ಕೋಣೆಗೆ ನಮ್ಮ ಓಣಿಯ ಹಿರಿಯರೊಬ್ಬರು ಒಪ್ಪಿದ್ದರು. ಮೊದಲು ಹಳೇ ಊರಿನಲ್ಲಿದ್ದವರು, ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಯಾದ ಮೇಲೆ ಇಲ್ಲಿಗೆ ಬಂದವರು. ದಿನಾ ನನ್ನ ಅಂಗಡಿಯಲ್ಲೇ ಪೇಪರು ಓದುತ್ತಾರೆ. ಆಧಾರ್ ಕಾರ್ಡು ಕೊಟ್ಟು, ಹಡಗಿನ ಮೇಲಿನ ಅಟ್ಟದಲ್ಲಿ ನಿಂತರೆ ಏನು ಕಾಣುತ್ತದೆ ಎಂದು ಸಹಜವಾಗಿ ಕೇಳಿದರು. ನಾನು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ, ಕಣ್ಣು ಹಾಯುವ ತನಕ ಸುತ್ತಲೂ ನೀರು, ಬರೇ ನೀರು.

ಅವರು ಕನ್ನಡಕ ತೆಗೆದರು. "ತಮ್ಮಾ, ಸುತ್ತಲೂ ನೀರ ನೋಡೇ ನಾ ಮನಿ ಬಿಟ್ಟು ಬಂದಾವ. ಆಗ ನೀರ ಬಂತಂತ ಸರಕಾರದವರು ನನಗ ರೊಕ್ಕಾ ಕೊಟ್ರು. ಈಗ ನೀರ ನೋಡಾಕ ನೀ ನನಗ ರೊಕ್ಕಾ ಕೇಳ್ತಿ."

ಕಾರ್ಡನ್ನು ಎತ್ತಿ ಅಂಗಿಯ ಕಿಸೆಗೆ ಹಾಕಿಕೊಂಡರು. ನಮ್ಮ ತಂದೆಯ ಅಂಗಡಿಯೂ ಆ ನೀರಿನ ಕೆಳಗೇ ಇದೆ. ನಗಬೇಕೋ ಅಳಬೇಕೋ ತಿಳಿಯದೆ ಚಹಾ ತರಿಸಿದೆ. ಅವರು ಚಹಾ ಕುಡಿದು, ಅಷ್ಟು ಬೇಕಿದ್ದರೆ ಹಿನ್ನೀರಿನಲ್ಲಿ ತೆಪ್ಪ ಮಾಡಿಸು, ನನ್ನ ಅಡುಗೆಮನೆಯ ಮೇಲಿಂದಲೇ ಹಾಯಿಸಿಕೊಂಡು ಹೋಗೋಣ, ಅದು ಎಲ್ಲ ಹಡಗಿಗಿಂತ ಅಗ್ಗ ಎಂದರು.

ಒಂಬತ್ತನೆಯ ಕೋಣೆ

ಮತ್ತೆ ಏಳಕ್ಕೇ ನಿಂತಿತು. ಬುಕಿಂಗಿನ ಕೊನೆಯ ದಿನ ಸಂಜೆ ಅಂಗಡಿಯ ಶಟರು ಎಳೆಯುತ್ತಿದ್ದೆ. ಮನೆಗೆ ಹೋಗಿ ಆ ಬ್ಯಾಗನ್ನು ನೋಡುವ ಧೈರ್ಯ ನನಗಿರಲಿಲ್ಲ. ಆಗ ಬಾದಾಮಿ ಬಸ್ಸಿಳಿದು ಅಕ್ಕೋರು ನಡೆದು ಬಂದರು. ಇಷ್ಟು ವರ್ಷ ಕಾಯ್ದರೂ ಎರಡನ್ನೂ ನೋಡಿ ಬಂದು ಹೇಳುವವರು ಯಾರೂ ಸಿಗಲಿಲ್ಲ, ಹಾಗಾಗಿ ತಂಗಿಯ ಜೊತೆ ನಾನೇ ನೋಡಿ ಬರುತ್ತೇನೆ ಎಂದರು. ನಾನು ಅರ್ಧ ಇಳಿದ ಶಟರಿನ ಕೆಳಗೆ ಬಗ್ಗಿ ಒಳಗೆ ಹೋಗಿ ಎಂಟನೆಯ ಕೋಣೆ ಬುಕ್ ಮಾಡಿದೆ. 

ಅಮೀನಗಡದ ಕರದಂಟು ಕಟ್ಟಿಸಿಕೊಂಡು ಮನೆಗೆ ಹೋದೆ. ಹೆಂಡತಿ ಕರದಂಟು ತಿಂದಳು, ಕಣ್ಣೊರೆಸಿಕೊಂಡಳು, ಆಮೇಲೆ ಯಾರ್ಯಾರು ಬರುತ್ತಾರೆ ಎಂದು ಕೇಳಿದಳು. ಹೇಳಿದೆ. ಅವಳು ಬೆರಳು ಮಡಚಿ ಒಬ್ಬೊಬ್ಬರನ್ನೇ ಎಣಿಸಿದಳು.

"ನೀವು ಬಂದ್ರ ರೊಟ್ಟಿ ಚೀಲಾ ಹೊರ್ತೀರಿ, ಗುತ್ತಿಗೆದಾರರಿಗೆ ದಿಕ್ಕು ತೋರಸ್ತೀರಿ. ನಾ ಒಬ್ಬಾಕಿನ ಕೋಣ್ಯಾಗ ಕುಂಡ್ರಬೇಕು. ನಮ್ಮ ಅಕ್ಕನ್ನ ಕರ್ಕೊಂಡ ಹೋಗ್ತೇನ್ರಿ."

ನನಗೆ ಬೇಸರವಾಯಿತು, ಸುಳ್ಳೇಕೆ. ಆದರೆ ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಹೆಂಡತಿಯನ್ನೂ ಅವಳ ಅಕ್ಕನನ್ನೂ ರೈಲು ಹತ್ತಿಸಿ ಬಂದೆ. ಹಡಗು ದಂಡೆ ಬಿಟ್ಟ ಮೇಲೆ ಫೋನಿಗೆ ಸಿಗ್ನಲ್ ಇಲ್ಲ, ಈ ಹಡಗಿನಲ್ಲಿ ವೈಫೈ ಭಾಳ ತುಟ್ಟಿ, ಯಾರೂ ಹಾಕಿಸಿಕೊಂಡಿರಲಿಲ್ಲ. ನನ್ನ ಗಿರಾಕಿಗಳೆಲ್ಲ ಒಟ್ಟಿಗೆ ಸಮುದ್ರದಲ್ಲಿದ್ದರು. ಅವರು ಬರುವ ತನಕ ಅಂಗಡಿಯಲ್ಲಿ ಫೋನು ರಿಂಗಾಗಲಿಲ್ಲ. ಹಿರಿಯರು ಪೇಪರು ಓದಿದರು, ನಾನು ಕುರ್ಚಿಯಲ್ಲೇ ನಿದ್ದೆ ಮಾಡಿದೆ.

ಬಂದ ಮೇಲೆ ನನ್ನ ಹೆಂಡತಿಯ ನಸೀಬೇ ಬದಲಾಯಿತು. ಹೋಗಿ ಬಂದವಳು ಎಂದು ಈಗ ಗಿರಾಕಿಗಳು ಅವಳನ್ನೇ ಕೇಳುತ್ತಾರೆ, ಅವಳಿಗೂ ಅಂಗಡಿಯಲ್ಲೊಂದು ಕುರ್ಚಿ ಹಾಕಿದ್ದಾಯಿತು. ಮೊನ್ನೆ ಅಕ್ಕೋರು ಮತ್ತೆ ಬಂದಿದ್ದರು, ಇನ್ನೊಂದು ಹಡಗನ್ನೂ ವಿಚಾರಿಸಲಿಕ್ಕೆ. ನಾನು ಬಾಯಿ ತೆರೆದೆ. ನೀವು ಸುಮ್ಮನಿರಿ ಎಂದು ಕೈ ತೋರಿಸಿ, ಮುಂದಿನ ಸಲವಾದರೂ ಇವರನ್ನು ಕರೆದುಕೊಂಡು ಹೋಗುತ್ತೀಯೇನವ್ವಾ ಎಂದು ನನ್ನ ಹೆಂಡತಿಯನ್ನು ಕೇಳಿದರು.

ಅವಳು ನನ್ನನ್ನು ಒಮ್ಮೆ ನೋಡಿದಳು. "ಇವರನ್ನ ಸಿಂಗಾಪುರದ ಹಡಗಿಗೆ ಕಳಸ್ತೇನ್ರಿ. ಅಲ್ಲಿ ಯಾರೂ ಕರಿಯೂದಿಲ್ಲಂತ, ಯಾರೂ ಒತ್ತಾಯ ಮಾಡೂದಿಲ್ಲಂತ. ಇವರಿಗೆ ಅದ ಬೇಕಾಗೈತಿ."

ಇಷ್ಟು ವರ್ಷ ಎರಡು ಹಡಗನ್ನೂ ಹೋಲಿಸಿ ಹೋಲಿಸಿ ನನಗೆ ತಿಳಿಯದ್ದು ಅವಳಿಗೆ ಒಂದೇ ಸಲಕ್ಕೆ ತಿಳಿದಿತ್ತು.  ಆಗಲಿ, ಇವತ್ತೇ ಬುಕ್ ಮಾಡಿಬಿಡುತ್ತೇನೆ ಎಂದು ಕಂಪ್ಯೂಟರಿನಲ್ಲಿ ನನ್ನ ಹೆಸರು ಬರೆದೆ. ಮುಂದಿನ ಸಾಲಿಗೆ ಬಂದು ಕೈ ನಿಂತಿತು. ಅರ್ಧ ಜಿಲ್ಲೆಗೆ ಓಡಾಡಿ ಪಾಸ್‌ಪೋರ್ಟ್ ಮಾಡಿಸಿಕೊಟ್ಟ ನನಗೆ ಪಾಸ್‌ಪೋರ್ಟೇ ಇರಲಿಲ್ಲ.