ಮೂವತ್ತೊಂದನೆಯ ಕೋಳಿ

ಕೋಳಿ ಸಾಕುವುದಕ್ಕೆ ಹುಲ್ಲು ಬೇಕು, ನೀರು ಬೇಕು, ತಾಳ್ಮೆ ಬೇಕು. ಆದರೆ ಕೋಳಿ ಮಾರುವುದಕ್ಕೆ? ಬಾಯಿ ಬೇಕು ಸ್ವಾಮಿ, ಬಾಯಿ! ಆ ಬಾಯಿಯನ್ನು ದೇವರು ನನಗೆ ಧಾರಾಳವಾಗಿ ಕೊಟ್ಟಿದ್ದಾನೆ. ನನ್ನ ಗಂಡನ ಪಾಲಿನದನ್ನೂ ಸೇರಿಸಿ ನನಗೇ ಕೊಟ್ಟುಬಿಟ್ಟಿದ್ದಾನೆ ಎಂದು ನಮ್ಮ ಅತ್ತೆ ಹೇಳುತ್ತಿರುತ್ತಾರೆ. ಅದು ಹೊಗಳಿಕೆ ಎಂದೇ ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೆ!

ಆದ್ದರಿಂದ ಆ ಸೋಮವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಟ್ಟಿ, ಸಿಂಹಾಸನದಿಂದ ಅಪ್ಪಣೆ ಕೊಡಿಸುವ ಮಹಾರಾಣಿಯಂತೆ ಘೋಷಿಸಿದೆ.

"ರೀ, ಇವತ್ತು ಬರ್ತಿರೋದು ಸಾಮಾನ್ಯ ಗಿರಾಕಿ ಅಲ್ಲ. ಪೇಟೆಯ ದೊಡ್ಡ ಹೋಟೆಲಿನ ಬಾಣಸಿಗರು. ಮಾತೆಲ್ಲ ನನಗೆ ಬಿಡಿ. ನೀವು ಪಕ್ಕದಲ್ಲಿ ನಿಂತು ನಗ್ತಾ ಇದ್ರೆ ಸಾಕು."

ನಮ್ಮವರು ಬ್ರೆಡ್ಡಿಗೆ ಬೆಣ್ಣೆ ಸವರುತ್ತ, "ಹೂಂ" ಎಂದರು.

"ನಗೋಕೂ ಬರಲ್ಲ ಅಂದ್ರೆ ದೂರ ನಿಂತ್ಕೊಳ್ಳಿ."

"ಹೂಂ."

ನಮ್ಮವರು ದಿನಕ್ಕೆ ಒಂದು ಡಜನ್ ಮಾತಾಡಿದರೆ ಹೆಚ್ಚು. ಅದರಲ್ಲಿ ಒಂಬತ್ತು 'ಹೂಂ'. ನಮ್ಮ ಫಾರ್ಮಿನಲ್ಲಿ ಹುಂಜಗಳು ಬೇಕಾದಷ್ಟಿವೆ, 'ಹೂಂ'ಜ ಮಾತ್ರ ಇವರೊಬ್ಬರೇ!

ಹದಿನಾಲ್ಕು ವರ್ಷ ಗ್ಯಾರೇಜಿನಲ್ಲಿ ಲಾರಿಗಳ ಹೊಟ್ಟೆಯ ಕೆಳಗೆ ಮಲಗಿ ಗ್ರೀಸ್ ಮೆತ್ತಿಕೊಂಡ ಮನುಷ್ಯ ಅವರು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಈ ಪುಟ್ಟ ಜಮೀನಿಗೆ ಬಂದೆವು. ಬ್ರಾಯ್ಲರ್ ಕೋಳಿ ಬೇಡ, ಹಳೆಯ ನಾಟಿ ತಳಿಯನ್ನೇ ಸಾಕೋಣ, ಶೆಡ್ಡಿನಲ್ಲಿ ಕೂಡಿಹಾಕದೆ ಹುಲ್ಲಿನ ಮೇಲೆ ಬೆಳೆಸೋಣ ಎಂದು ತೀರ್ಮಾನಿಸಿದೆವು. ತೀರ್ಮಾನಿಸಿದೆವು ಎಂದರೆ, ನಾನು ಹೇಳಿದೆ, ಅವರು 'ಹೂಂ' ಎಂದರು. ಆಮೇಲೆ ಕಬ್ಬಿಣದ ಪೈಪು, ತಂತಿಬಲೆ, ಹಳೆಯ ತಗಡು ಸೇರಿಸಿ ಅವರೇ ಚಕ್ರವಿರುವ ನಾಲ್ಕು ಗೂಡುಗಳನ್ನು ಬೆಸೆದರು. ಸೊಂಟದೆತ್ತರದ ಗೂಡುಗಳು. ತಳ ಇಲ್ಲ, ಕೆಳಗೆ ಬರೀ ನೆಲ. ದಿನಾ ಬೆಳಿಗ್ಗೆ ಟ್ರಾಕ್ಟರಿಗೆ ಕಟ್ಟಿ ಹೊಸ ಹುಲ್ಲಿನ ಮೇಲಕ್ಕೆ ನಿಧಾನವಾಗಿ ಎಳೆದರೆ ಸಾಕು, ಒಳಗಿನ ಕೋಳಿಗಳು ತಾವೇ ನಡೆದುಕೊಂಡು ಮುಂದೆ ಬರುತ್ತವೆ. ಇಲ್ಲಿಗೆ ಬಂದಮೇಲೆ ನಮ್ಮವರು ಶಿಳ್ಳೆ ಹಾಕುವುದನ್ನು ಕಲಿತಿದ್ದರು. ಗ್ಯಾರೇಜಿನಲ್ಲಿದ್ದಾಗ ಒಂದು ದಿನವೂ ಹಾಕಿದವರಲ್ಲ.

ಸಾಕುವುದೇನೋ ಸಾಂಗವಾಗಿ ನಡೆಯಿತು. ಮಾರುವ ಖಾತೆ ನನ್ನದು. ಅದೇಕೋ ಬಂದ ಗಿರಾಕಿಗಳೆಲ್ಲ ದುರದೃಷ್ಟವಂತರೇ! ಬೇಕರಿಯಾಕೆ ಒಂದು ಹೇಂಟೆ ಕೊಳ್ಳಲು ಬಂದಳು. ಹುಲ್ಲಿನಲ್ಲಿ ಬೆಳೆದ ಕೋಳಿಯ ಮಹಿಮೆಯನ್ನು ಒಂದೂವರೆ ಗಂಟೆ ವಿವರಿಸುವಷ್ಟರಲ್ಲಿ ಅವಳಿಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಯಿತು. ನಿವೃತ್ತ ಪೋಸ್ಟ್‌ಮ್ಯಾನ್ ಬಂದರು. ತಳಿಯ ಚರಿತ್ರೆಯಲ್ಲಿ ನಾನಿನ್ನೂ ಮುತ್ತಜ್ಜಿಕೋಳಿಯ ಕಾಲದಲ್ಲಿದ್ದೆ, ಅವರಿಗೆ ಇದ್ದಕ್ಕಿದ್ದಂತೆ ಹಲ್ಲುನೋವು ಶುರುವಾಯಿತು. ಅವರ ಬಾಯಿಯಲ್ಲಿ ಹಲ್ಲೇ ಇರಲಿಲ್ಲವಲ್ಲ ಎಂದು ನನಗೆ ಹೊಳೆದದ್ದು ಮಾರನೆಯ ದಿನ!

ಅಷ್ಟರಲ್ಲಿ ನೂರಿಪ್ಪತ್ತು ಕೋಳಿಗಳೂ ಬಲಿತು ನಿಂತಿದ್ದವು. ಹುಂಜಗಳು ಎದುರುಬದುರಾದರೆ ಕತ್ತು ನಿಗುರಿಸಿ ಕಾಳಗಕ್ಕೆ ನಿಲ್ಲುತ್ತಿದ್ದವು. ಮುಂದಿನ ತಂಡದ ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿಸದೆ ಅಡುಗೆಮನೆಗೆ ನುಗ್ಗುತ್ತಿದ್ದವು.

"ಈ ಸಲ ಹೋಗದಿದ್ರೆ ಗ್ಯಾರೇಜಿಗೆ ವಾಪಸ್" ಎಂದು ನಮ್ಮವರು ಭಾನುವಾರ ಹೇಳಿದರು.

ಐದು ಪದ! ಒಂದೇ ಉಸಿರಿಗೆ! ಆ ಶಿಳ್ಳೆ ನಿಂತುಹೋಗುತ್ತದೆಯಲ್ಲ ಎಂದು ಆ ದಿನವೆಲ್ಲ ನನಗೆ ಊಟ ಸೇರಲಿಲ್ಲ. ಅದಕ್ಕೇ ಹೋಟೆಲಿನ ಬಾಣಸಿಗರಿಗೆ ನಾನೇ ಫೋನು ಮಾಡಿ ನಲವತ್ತು ನಿಮಿಷ ಮಾತಾಡಿದೆ. ಕೊನೆಗೆ ಅವರು, "ಸರಿ ಅಮ್ಮಾ, ಬರ್ತೀನಿ, ಬರ್ತೀನಿ, ಫೋನ್ ಇಡಿ" ಎಂದು ಒಪ್ಪಿಕೊಂಡರು. ನೋಡಿದಿರಾ, ಬಾಯಿಯ ಮಹಿಮೆ!

ಬಾಣಸಿಗರು ಬರಬೇಕಾದದ್ದು ಹತ್ತು ಗಂಟೆಗೆ. ಒಂಬತ್ತಕ್ಕೆ ನಮ್ಮವರಿಗೆ ಹೇಳಿದೆ: "ಮೊದಲನೇ ಗೂಡನ್ನು ಗೇಟಿನ ಹತ್ತಿರ ಎಳೆದು ನಿಲ್ಲಿಸಿ. ಬಂದವರ ಕಣ್ಣಿಗೆ ಮೊದಲು ಅದೇ ಬೀಳಬೇಕು."

ಅವರು ಟ್ರಾಕ್ಟರ್ ತರಲು ಹೋದರು. ನಾನು ಒದ್ದೆಬಟ್ಟೆ ಹಿಡಿದು ಗೂಡಿನ ಬಳಿ ಹೋದೆ. ಆ ಗೂಡಿನ ದೊಡ್ಡ ಹುಂಜವೇ ನಮ್ಮ ಪ್ರದರ್ಶನದ ಗೊಂಬೆ, ಅದರ ಕಾಲಿಗೆ ಕೆಸರು ಮೆತ್ತಿತ್ತು. ರಾಜನನ್ನು ಕೆಸರುಗಾಲಿನಲ್ಲಿ ತೋರಿಸುವುದುಂಟೆ? ಬಾಗಿಲು ಎತ್ತಿ, ಮಂಡಿಯೂರಿ ಒಳಗೆ ನುಸುಳಿದೆ. ಹುಂಜ ಹಿಂದೆ ಸರಿಯಿತು, ನಾನು ಮುಂದೆ ಸರಿದೆ. ಹಿಂದುಗಡೆ 'ಟಪ್' ಎಂದಿತು. ಬಾಗಿಲು ಬಿತ್ತು. 'ಟಕ್' ಎಂದಿತು. ಚಿಲಕ ತಾನಾಗಿ ಬಿತ್ತು!

ಆ ಚಿಲಕ ಹೊರಗಿನಿಂದ ಮಾತ್ರ ತೆಗೆಯುವಂಥದ್ದು. ಮುಂಗುಸಿಗೂ ನರಿಗೂ ಬಗ್ಗದ ಚಿಲಕವೇ ಬೇಕೆಂದು ಎರಡು ದಿನ ಹಟ ಮಾಡಿದ್ದು ನಾನೇ. ಭೇಷ್ ಎನ್ನುವ ಹಾಗೆ ಮಾಡಿದ್ದರು ಪುಣ್ಯಾತ್ಮರು! ಬೆರಳು ತೂರಿಸಿದೆ, ತೂರಲಿಲ್ಲ. ಭುಜಕೊಟ್ಟು ಗೂಡನ್ನು ಎತ್ತಿದೆ, ಏಳಲಿಲ್ಲ. ಫೋನು ಎಲ್ಲಿ? ಜಗಲಿಯ ಮೇಲೆ, ಅತ್ತೆಯ ಬಟಾಣಿ ಬುಟ್ಟಿಯ ಪಕ್ಕ.

"ರೀ!" ಎಂದು ಕೂಗಿದೆ. ಅಷ್ಟರಲ್ಲಿ ಟ್ರಾಕ್ಟರು ಡಬಡಬ ಎನ್ನುತ್ತ ಬಂದೇಬಿಟ್ಟಿತು. ನಮ್ಮವರು ಇಳಿದು, ಮುಂಭಾಗಕ್ಕೆ ಸರಪಳಿ ಸಿಕ್ಕಿಸಿ, ಮತ್ತೆ ಹತ್ತಿ ಕೂತರು. "ರೀ! ನಾನು ಇಲ್ಲಿದ್ದೀನಿ! ರೀ!" ಎಂದು ಅರಚಿದೆ. ನನ್ನ ಅರಚಾಟಕ್ಕೆ ಬೆದರಿದ ಮೂವತ್ತು ಕೋಳಿಗಳೂ ಅರಚಿದವು. ಮೂವತ್ತೊಂದು ಕಂಠಗಳ ಸಮೂಹಗಾನವನ್ನು ಟ್ರಾಕ್ಟರು ಒಂದೇ ಗುಟುಕಿಗೆ ನುಂಗಿತು.

ಗೂಡು ಹೊರಟಿತು. ನಾನೂ ಹೊರಟೆ. ಬೇರೆ ದಾರಿಯೇನಿತ್ತು? ನಿಂತರೆ ಹಿಂದಿನ ಪೈಪು ಬಂದು ಕುಂಡೆಗೆ ಬಡಿಯುತ್ತಿತ್ತು! ಎರಡು ಕೈ, ಎರಡು ಮಂಡಿ ಊರಿಕೊಂಡು, ಎಡಕ್ಕೆ ಹದಿನೈದು ಕೋಳಿ, ಬಲಕ್ಕೆ ಹದಿನಾಲ್ಕು ಕೋಳಿಯ ಪರಿವಾರದೊಂದಿಗೆ ನನ್ನ ಸವಾರಿ ಇಡೀ ಹುಲ್ಲುಗಾವಲನ್ನು ದಾಟಿತು. ಉಳಿದದ್ದು ಒಂದು ಹುಂಜ. ಮಹಾರಾಜರು ನನ್ನ ಬೆನ್ನೇರಿ ಕೂತಿದ್ದರು!

ಗೇಟಿನ ಬಳಿ ಟ್ರಾಕ್ಟರು ನಿಂತಿತು, ಎಂಜಿನ್ ಆರಿತು. ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ವ್ಯಾನಿನ ಬಾಗಿಲು ಮುಚ್ಚಿದ ಸದ್ದು, ಒಂದು ದಪ್ಪ ದನಿ.

"ನಮಸ್ಕಾರ! ಸ್ವಲ್ಪ ಬೇಗ ಬಂದ್ಬಿಟ್ಟೆ."

ಬಾಣಸಿಗರು! ತೆರೆದ ಬಾಯಿಯನ್ನು ಗಪ್ಪನೆ ಮುಚ್ಚಿಕೊಂಡೆ. ತಲೆತುಂಬ ಪುಕ್ಕ, ಮಂಡಿಗೆ ಹಿಕ್ಕೆ, ಬೆನ್ನ ಮೇಲೆ ಹುಂಜ. ಫಾರ್ಮಿನ ಯಜಮಾನಿ ಈ ಅವತಾರದಲ್ಲಿ ದರ್ಶನ ಕೊಡುವುದೆ? ಪುಕ್ಕ ಬಂದದ್ದೇ ತಡ, ನಾನು ಪುಕ್ಕಲಿಯೂ ಆದೆ. ಮೆಲ್ಲಗೆ ಹಿಂದೆ ಸರಿದು, ತಗಡಿನ ಮಾಡಿನ ಕೆಳಗಿನ ಕತ್ತಲಲ್ಲಿ ಮುದುಡಿ ಕೂತೆ.

"ಎಲ್ಲಿ, ಫೋನಿನಲ್ಲಿ ಮಾತಾಡಿದ ಯಜಮಾನಿಯವರು?" ಎಂದರು ಬಾಣಸಿಗರು. ದನಿಯಲ್ಲಿ ಒಂದು ತೆರನಾದ ಭಯವಿತ್ತು.

ಚಹಾ ಹಿಡಿದು ಬಂದ ಅತ್ತೆ ಉತ್ತರ ಕೊಟ್ಟರು: "ಎಲ್ಲೋ ಹೋಗಿದ್ದಾಳೆ. ಅರ್ಧ ಗಂಟೆಯಿಂದ ಮನೆ ಎಷ್ಟು ತಂಪಾಗಿದೆ ಅಂತೀರಿ! ಕೂತ್ಕೊಳ್ಳಿ."

ಹಲ್ಲು ಕಚ್ಚಿಕೊಂಡೆ. ಬಾಣಸಿಗರು ಗೂಡಿನ ಸುತ್ತ ಒಂದು ಸುತ್ತು ಬಂದು ಕೇಳಿದರು. "ಎಷ್ಟು ತಿಂಗಳ ಕೋಳಿ?"

"ಆರು."

ಆರು! ಬರೀ ಆರು! ಬಿಸಿಲು ಅನ್ನಿ, ಹುಳಹುಪ್ಪಟೆ ಅನ್ನಿ, ಓಡಾಡಿ ಬೆಳೆದ ಮೈ ಅನ್ನಿ ಎಂದು ಒಳಗೇ ಚಡಪಡಿಸಿದೆ. ಹಿಂದಿನ ರಾತ್ರಿಯೆಲ್ಲ ಕನ್ನಡಿಯ ಮುಂದೆ ನಿಂತು ಕಟ್ಟಿದ ಭಾಷಣ ಗಂಟಲಲ್ಲಿ ಕಾವಿಗೆ ಕೂತಿತ್ತು.

"ಮಾಂಸ ಹೇಗೆ? ಮೃದುವಾ?"

ನನ್ನ ಭಾಷಣದಲ್ಲಿ ಈ ಜಾಗದಲ್ಲಿ 'ಬೆಣ್ಣೆಯಂತೆ ಕರಗುವ' ಎಂದಿತ್ತು. ನಮ್ಮವರು ಹೇಳಿದ್ದು ಒಂದೇ ಪದ: "ಗಟ್ಟಿ."

"ಬೇಯೋಕೆ?"

"ತಡ."

ಮುಗಿಯಿತು! ನಮ್ಮ ಫಾರ್ಮು ಮುಗಿಯಿತು! ಗ್ಯಾರೇಜಿನ ಗ್ರೀಸಿನ ವಾಸನೆ ಆಗಲೇ ಮೂಗಿಗೆ ಬಡಿಯಿತು. ಬಾಣಸಿಗರು ಸುಮ್ಮನಾದರು. ನಮ್ಮವರಂತೂ ಹುಟ್ಟಿನಿಂದಲೇ ಸುಮ್ಮನಾದವರು. ಪಕ್ಕದ ಜಗಲಿಗೆ ಮರಳಿದ ಅತ್ತೆ ಬಟಾಣಿ ಸುಲಿಯುವ 'ಟಿಕ್ ಟಿಕ್' ಬಿಟ್ಟರೆ ಜಗತ್ತಿನಲ್ಲಿ ಬೇರೆ ಸದ್ದಿಲ್ಲ.

ಕೊನೆಗೆ ಬಾಣಸಿಗರೇ ಉಸಿರುಬಿಟ್ಟರು. "ಹೋದ ಕಡೆಯೆಲ್ಲ 'ಬೆಣ್ಣೆ, ಬೆಣ್ಣೆ' ಅಂತಾರೆ. ಆರು ತಿಂಗಳು ಓಡಾಡಿದ ಕೋಳಿ ಎಲ್ಲಾದರೂ ಬೆಣ್ಣೆ ಆಗುತ್ತಾ? ನಿಜ ಹೇಳಿದವರು ನೀವೊಬ್ರೇ. ನನಗೆ ಸಾರಿಗೆ ರುಚಿ ಬೇಕು, ಅದು ಗಟ್ಟಿ ಕೋಳಿಯಲ್ಲೇ ಇರೋದು. ವಾರಕ್ಕೆ ಹತ್ತು ಕೊಡ್ತೀರಾ?"

ಕೊಡ್ತೀವಿ ಅನ್ನಿ! ನೂರು ಸಲ ಅನ್ನಿ! ನಮ್ಮವರು ಗದ್ದ ಕೆರೆದುಕೊಳ್ಳುತ್ತ ದೂರದ ಬೇಲಿಯತ್ತ ನೋಡಿದರು. ಬೇಲಿಯಲ್ಲಿ ಏನೂ ಇರಲಿಲ್ಲ. ಅವರು ಯೋಚಿಸುವಾಗ ನೋಡುವುದೇ ಹಾಗೆ.

ಬಾಣಸಿಗರು ಗಾಬರಿಯಾದರು. "ತಂದುಕೊಡೋದು ಕಷ್ಟ ಅಂದ್ರೆ ನಾವೇ ವ್ಯಾನ್ ಕಳಿಸ್ತೀವಿ."

ಮೌನ.

"ಪುಕ್ಕ ತೆಗೆದು ಕ್ಲೀನ್ ಮಾಡೋದೂ ನಮ್ಮ ಜವಾಬ್ದಾರಿ."

ಮೌನ. 'ಟಿಕ್ ಟಿಕ್.'

"ಸರಿ ಸ್ವಾಮಿ, ಮೊಟ್ಟೇನೂ ನಾವೇ ತಗೋತೀವಿ! ಮೆನುವಿನಲ್ಲಿ ನಿಮ್ಮ ಫಾರ್ಮಿನ ಹೆಸರು ಹಾಕಿಸ್ತೀನಿ! ಇನ್ನೇನು ಮಾಡ್ಲಿ ಹೇಳಿ!"

"ಆಗ್ಲಿ" ಎಂದರು ನಮ್ಮವರು.

ನಾನು ಒಳಗೆ ಬಾಯಿಬಿಟ್ಟುಕೊಂಡು ಕೂತಿದ್ದೆ. ನಾನು ವಾರಗಟ್ಟಲೆ ಮಾತಾಡಿ ಒಂದು ಹೇಂಟೆಯನ್ನೂ ಮಾರಿರಲಿಲ್ಲ. ಈ ಮಹಾನುಭಾವ ಬೇಲಿ ನೋಡಿ ಇಡೀ ಫಾರ್ಮನ್ನೇ ಉಳಿಸಿಬಿಟ್ಟರು! ಹಿಗ್ಗಿಗೆ ಕೊಂಚ ಅಲುಗಾಡಿದೆನೋ ಏನೋ, ಬಾಣಸಿಗರು ಬಗ್ಗಿ ಬಲೆಯೊಳಗೆ ಇಣುಕಿದರು. ನಾನು ತೊಟ್ಟದ್ದು ಇಟ್ಟಿಗೆ ಬಣ್ಣದ ಉಣ್ಣೆ ಸ್ವೆಟರು. ತಲೆಯನ್ನು ಮಂಡಿಗಳ ನಡುವೆ ಹುದುಗಿಸಿಕೊಂಡು ಬಂಡೆಯಾದೆ.

"ಅಬ್ಬಬ್ಬಾ! ಆ ಮೂಲೇಲಿರೋದು ಏನ್ರೀ ಅದು, ಕೆಂಪಗೆ? ಏನು ಗಾತ್ರ!"

ನಮ್ಮವರು ಬಗ್ಗಿದರು. ಮಂಡಿಗಳ ಸಂದಿಯಿಂದ ನಾನು ನೋಡಿದೆ, ಅವರೂ ನೋಡಿದರು. ಕಣ್ಣು ಕಣ್ಣು ಕೂಡಿದವು. ಅವರ ಮುಖದ ಒಂದು ಗೆರೆಯೂ ಕದಲಲಿಲ್ಲ.

"ಕಾವಿಗೆ ಕೂತಿದೆ" ಎಂದರು.

"ಮುಂದಿನ ವಾರ ದೊಡ್ಡ ಔತಣ ಇದೆ. ಅದೊಂದೇ ಸಾಕು, ಇಪ್ಪತ್ತು ಜನಕ್ಕೆ ಆಗುತ್ತೆ! ಅದನ್ನ ಕೊಡಿ."

"ಕೊಡಲ್ಲ."

"ಯಾಕೆ?"

"ಮನೇದು."

ಓದುಗರೇ, ಸತ್ಯವಾಗಿ ಹೇಳುತ್ತೇನೆ, ಹಿಕ್ಕೆಯ ಮೇಲೆ ಕೂತಿದ್ದರೂ ನನ್ನ ಕಣ್ಣು ತುಂಬಿ ಬಂತು. ಮದುವೆಯಾದಂದಿನಿಂದ ಇಷ್ಟು ಪ್ರೀತಿಯ ಮಾತನ್ನು ಇವರ ಬಾಯಿಂದ ಕೇಳಿರಲಿಲ್ಲ! ಬಾಣಸಿಗರು ಆಸೆ ಬಿಡಲಿಲ್ಲ. "ಮೊಟ್ಟೆ ಚೆನ್ನಾಗಿ ಇಡುತ್ತಾ?"

"ಇಲ್ಲ. ಕೂಗತ್ತೆ."

ಕಣ್ಣೀರು ಅಲ್ಲೇ ಇಂಗಿತು! ಆದರೂ ಸಂದರ್ಭದ ಮರ್ಯಾದೆ ಉಳಿಸಬೇಕಲ್ಲ? "ಕೊಕ್... ಕೊಕ್ಕೊಕ್" ಎಂದೆ, ಆದಷ್ಟು ಹೇಂಟೆಯ ದನಿಯಲ್ಲಿ.

ಅತ್ತೆಯ 'ಟಿಕ್ ಟಿಕ್' ನಿಂತಿತು. "ಈ ದನಿ ಎಲ್ಲೋ ಕೇಳಿದ್ದೀನಲ್ಲ!" ಎಂದರು.

ಬಾಣಸಿಗರು ನಮ್ಮವರ ಕೈ ಕುಲುಕಿ, "ನಿಮ್ಮಂಥವರ ಜೊತೆ ವ್ಯವಹಾರ ಮಾಡೋದು ಸುಖ" ಎಂದು ಹೇಳಿ, ಹತ್ತು ಕೋಳಿಗಳನ್ನು ಹುಲ್ಲುಗಾವಲಿನ ಇನ್ನೊಂದು ಗೂಡಿನಿಂದ ಆರಿಸಿ ಬುಟ್ಟಿಗೆ ತುಂಬಿಸಿಕೊಂಡು ಹೊರಟರು. ವ್ಯಾನಿನ ಸದ್ದು ತಿರುವಿನಲ್ಲಿ ಅಡಗಿದ ಮೇಲೆ ಚಿಲಕ 'ಟಕ್' ಎಂದಿತು. ನಾಲ್ಕು ಕಾಲಿನಲ್ಲಿ ಹೊರಗೆ ಬಂದೆ. ಸೊಂಟ ನೆಟ್ಟಗಾಗಲು ಎರಡು ನಿಮಿಷ ಹಿಡಿಯಿತು, ಬಾಯಿಗೆ ಎರಡು ಕ್ಷಣವೂ ಬೇಕಾಗಲಿಲ್ಲ.

"ಬಗ್ಗಿ ನೋಡಿದಾಗ ತಾನೇ ಗೊತ್ತಾಗಿದ್ದು, ನಾನು ಒಳಗಿದ್ದೀನಿ ಅಂತ?"

ಅವರು ತಲೆಯಾಡಿಸಿದರು. ಅಲ್ಲ ಎನ್ನುವ ಹಾಗೆ.

"ಮತ್ತೆ?"

"ಎಳೆಯೋವಾಗ. ತಿರುಗಿ ನೋಡ್ದೆ."

"ಅಷ್ಟು ಮುಂಚೆನೇ?! ಮೂವತ್ತು ಕೋಳಿ ಜೊತೆ ನನ್ನನ್ನೂ ಮೇಯಿಸ್ಕೊಂಡು ಬಂದ್ರಾ? ಕಟ್ಕೊಂಡ ಹೆಂಡ್ತಿ ಗೂಡಿನೊಳಗೆ ಅರಚ್ಕೊಳ್ತಾ ಇದ್ರೆ, ಇಳಿದು ಬಂದು ಬಾಗಿಲು ತೆಗೀಬೇಕು ಅಂತ ಅನ್ನಿಸ್ಲಿಲ್ವಾ ನಿಮಗೆ?"

ನಮ್ಮವರು ನನ್ನ ತಲೆಗೂದಲಿನಿಂದ ಒಂದು ಪುಕ್ಕವನ್ನು ಜೋಪಾನವಾಗಿ ಬಿಡಿಸಿದರು. ಇನ್ನೊಂದನ್ನು ಬಿಡಿಸಿದರು. ಬೇಲಿಯತ್ತ ನೋಡಿದರು. ನನ್ನ ಮಾನ ಕಾಯುವುದಕ್ಕೆ ಎನ್ನುತ್ತಾರೆ, ಬಂದವರ ಎದುರು ನನಗೆ ಮುಜುಗರವಾಗಬಾರದು ಎನ್ನುತ್ತಾರೆ ಅಂತ ನಾನು ಕಾದೆ.

"ತೆಗೆದಿದ್ರೆ ನೀನು ಮಾತಾಡ್ತಿದ್ದೆ" ಎಂದರು.